ಗೌರಾಬಾಯಿಯ ಕೊಲೆ ಪಿಕ್ಚರ್

ನಿಲಂಗಾದಲ್ಲಿ ಸೀರೆ ಅಂಗಡಿ ನಡೆಸುವ ಗೌರಾಬಾಯಿ ಹಣೆಗೆ ವಿಭೂತಿ ಹಚ್ಚದೆ ನೀರೂ ಕುಡಿಯುವವರಲ್ಲ. ಆದರೆ ಮುಖವಾಡದ ಕೊಲೆಗಾರನೊಬ್ಬ ಹಾಸ್ಟೆಲಿನ ಹುಡುಗಿಯರನ್ನು ಒಬ್ಬೊಬ್ಬರಾಗಿ ಕೊಲ್ಲುವ ಹಳೆಯ ಸಿನೆಮಾ ಅಂದರೆ ಅವರಿಗೆ ಪ್ರಾಣ. ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಲೇ ಅದರ ಕಥೆ ಹೇಳುತ್ತಾರೆ, ಕತ್ತರಿ ಎತ್ತಿಕೊಂಡು ಕೊಲೆಗಾರನ ಹಾಗೆ ನಡೆದೂ ತೋರಿಸುತ್ತಾರೆ. ಹೆದರಿದ ಹೆಂಗಸರು ಚೌಕಾಸಿ ಮಾಡುವುದನ್ನೇ ಮರೆಯುತ್ತಾರೆ. ಅದೇ ಸಿನೆಮಾವನ್ನು ಹೊಸದಾಗಿ ತೆಗೆದಿದ್ದಾರೆಂದು ಸೊಸೆ ವೈಷ್ಣವಿ ಹೇಳಿದಾಗಿನಿಂದ ಅವರಿಗೆ ಸಮಾಧಾನವಿರಲಿಲ್ಲ. “ಹಳೇದ್ರಾಗ ಕಡೀಗಿ ಒಬ್ಬಾಕಿ ಹುಡುಗಿ ಉಳೀತಾಳ. ಇವರು ಆಕೀನೂ ಕೊಂದಿದ್ರ ಹ್ಯಾಂಗ?” ಉದಗೀರದ ಟಾಕೀಜಿನಲ್ಲಿ ಸೊಸೆಯ ಕೈ ಬಿಗಿಯಾಗಿ ಹಿಡಿದೇ ಕೂತರು. ಕೊನೆಯಲ್ಲಿ ಬೆಳಕು ಹರಿದು, ಆ ಹುಡುಗಿ ಬಾಗಿಲು ತೆರೆದು ಹೊರಗೆ ಕಾಲಿಟ್ಟಾಗ ಗೌರಾಬಾಯಿ ಎದ್ದು ನಿಂತು, “ಬಂದಳು ನೋಡ್ರೀ!” ಎಂದು ಕೂಗಿಬಿಟ್ಟರು. ಸುತ್ತಲಿನ ಜನ ನಕ್ಕರು. ವೈಷ್ಣವಿ ನಗಲಿಲ್ಲ. ತೊಂಬತ್ಮೂರರ ಭೂಕಂಪದಲ್ಲಿ, ಮನೆಮಂದಿಯಲ್ಲೆಲ್ಲ, ಬಿದ್ದ ಮನೆಯ ಕಲ್ಲುಗಳಡಿಯಿಂದ ಜೀವಂತವಾಗಿ ಹೊರಬಂದದ್ದು ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ತನ್ನ ಅತ್ತೆಯೊಬ್ಬರೇ ಎಂಬುದು ಅವಳಿಗೆ ಗೊತ್ತಿತ್ತು. “ಚೊಲೊ ಮಾಡ್ಯಾರವ್ವಾ,” ಎಂದು ಗೌರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಡಿ, ನನಗ ಮಸ್ತ್ ಹಸಿವಾಗ್ಯದ.”