ತಿನ್ನಲಿಕ್ಕಲ್ಲದ ಗಾರಿಗೆ

ಮಗಳ ಜ್ವರ ಬಿಟ್ಟ ದಿನ ನಾನು ದೇವರ ಮುಂದೆ ದೀಪ ಹಚ್ಚಿ ಅತ್ತಿದ್ದೆ. ಕಷ್ಟ ಕಳೆಯಿತು ಎಂದುಕೊಂಡಿದ್ದೆ. ಆದರೆ ನಿಜವಾದ ಹೆದರಿಕೆ ಶುರುವಾದದ್ದು ಆಮೇಲೆಯೇ.

ಅದು ಎರಡನೆಯ ಮಹಾಯುದ್ಧದ ಕಾಲ. ನಾವು ತಿಳವಳ್ಳಿಯಲ್ಲಿದ್ದೆವು. ಮನೆಯಲ್ಲಿ ನಾನು, ನಮ್ಮ ಅತ್ತೆ, ನಾಲ್ಕು ವರ್ಷದ ಮಗಳು, ಒಂದು ಎಮ್ಮೆ, ಅದರ ಕರು. ನಮ್ಮ ಯಜಮಾನರು ಹಿರೇಕೆರೂರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. ಶನಿವಾರ ಶಾಲೆ ಬಿಟ್ಟ ಮೇಲೆ ಸೈಕಲ್ ತುಳಿದುಕೊಂಡು ಬರುವರು, ಸೋಮವಾರ ನಸುಕಿನಲ್ಲಿ ಹೊರಟುಬಿಡುವರು. ಉಳಿದ ದಿನ ಮನೆಯ ಗಂಡಸೂ ನಮ್ಮ ಅತ್ತೆಯೇ, ಹೆಂಗಸೂ ಅತ್ತೆಯೇ.

ಮಗಳಿಗೆ ಬಂದದ್ದು ವಿಷಮಜ್ವರ. ವಾರಗಟ್ಟಲೆ ಸುಟ್ಟಿತು. ಜ್ವರದಲ್ಲಿ ಕರುವಿನ ಹೆಸರು ಹಿಡಿದು ಕೂಗುತ್ತಿದ್ದಳು, ಹಾಸಿಗೆಯಿಂದ ಎದ್ದು ಓಡಲು ಹೋಗುತ್ತಿದ್ದಳು. ಕೂದಲು ಕೈಗೆ ಬರುತ್ತಿತ್ತು ಅಂತ ಅತ್ತೆ ಕತ್ತರಿಸಿಬಿಟ್ಟರು. ಕೊನೆಗೆ ಒಂದು ಬೆಳಿಗ್ಗೆ ಮೈ ಬೆವರಿ ತಣ್ಣಗಾಯಿತು. ಆ ವಾರವೇ ಯಜಮಾನರು ಹಾನಗಲ್ಲಿಗೆ ಹೋಗಿ ಡಾಕ್ಟರನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಬಂದರು. ಅವರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಕೂಸಿನ ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಪಡಸಾಲೆಗೆ ಬಂದು ಕೈ ತೊಳೆದುಕೊಳ್ಳುತ್ತ ಹೇಳಿದರು:

"ಜ್ವರ ಬಿಟ್ಟದ ಖರೆ. ಆದ್ರ ಹುಷಾರಿರಬೇಕಾದ್ದು ಈಗ. ಒಳಗ ಕರುಳು ಹಸೀ ಗಾಯ ಇದ್ದಂಗ ಅದ. ಗಂಜಿ ತಿಳಿ ಕೊಡ್ರಿ, ಮಜ್ಜಿಗಿ ನೀರು ಕೊಡ್ರಿ. ಗಟ್ಟಿ ಪದಾರ್ಥ ಬ್ಯಾಡ. ಕರಿದದ್ದಂತೂ ತೋರಸಲೂ ಬ್ಯಾಡ್ರಿ. ಒಂದು ತುತ್ತು ಒಳಗ ಹೋಗಿ ಕರುಳು ತೂತು ಬಿದ್ರ ನಾ ಏನೂ ಮಾಡಲಿಕ್ಕೆ ಆಗೂದಿಲ್ಲ."

ಅವರು ಹೇಳದಿದ್ದರೂ ನಮಗೆ ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲೇ ಒಬ್ಬ ಹರೆಯದ ಹುಡುಗ ಇದೇ ಜ್ವರ ಬಿಟ್ಟ ಮೂರನೆಯ ದಿನ ಹಸಿವು ತಾಳದೆ ರೊಟ್ಟಿ ತಿಂದು ಸಂಜೆಯೊಳಗೆ ಹೋಗಿಬಿಟ್ಟಿದ್ದ.

ಗಂಜಿ ತಿಳಿ ಮಾಡಿದೆವು. ಮಗಳು ಕುಡಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುವಳು. ಕರೆದರೆ ತಿರುಗುವುದಿಲ್ಲ. ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಹಾಕಿದರೆ ಕಟಬಾಯಿಯಿಂದ ಹೊರಗೆ ಇಳಿಯುವುದು. "ನನ್ನವ್ವ, ನನ್ನ ಬಂಗಾರ, ಒಂದ ಗುಟುಕು" ಎಂದು ನಾನು ಗೋಗರೆಯುವೆ. ಅತ್ತೆ ಕಥೆ ಹೇಳುವರು, ಗುಬ್ಬಿಯ ಹಾಡು ಹಾಡುವರು, ಗುಮ್ಮನನ್ನು ಕರೆಯುವರು. ಅವಳು ನಮ್ಮ ಮುಖವನ್ನು ಕಣ್ಣರಳಿಸಿ ನೋಡುವಳು. ಆ ನೋಟ ನನಗೆ ಅರ್ಥವಾಗುತ್ತಿರಲಿಲ್ಲ. ಗುರುತು ಸಿಗದ ಊರಿನಲ್ಲಿ ಕೈತಪ್ಪಿ ಹೋದವರ ಹಾಗೆ ನೋಡುತ್ತಿದ್ದಳು. ಒಮ್ಮೊಮ್ಮೆ ಅಳುತ್ತ ಹೇಳುವಳು:

"ಯಾರೂ ನನ್ನ ಕೂಡ ಮಾತಾಡವಲ್ರು."

"ಮಾತಾಡಾಕತ್ತೇವಲ್ಲವ್ವ, ಇಲ್ಲೇ ಅದೀನಲ್ಲ ನಾನು" ಎಂದು ಎಷ್ಟು ಹೇಳಿದರೂ ಮತ್ತೆ ಅದನ್ನೇ ಹೇಳುವಳು. ಜ್ವರ ತಲೆಗೇರಿದ್ದು ಇನ್ನೂ ಇಳಿದಿಲ್ಲ ಎಂದರು ಅತ್ತೆ. ನಾನೂ ಹಾಗೇ ನಂಬಿದೆ.

ದಿನದಿಂದ ದಿನಕ್ಕೆ ಅವಳು ಕರಗಿದಳು. ಎತ್ತಿಕೊಂಡರೆ ಒಣ ಕಟ್ಟಿಗೆಯ ಹೊರೆ ಎತ್ತಿದ ಹಾಗಾಗುತ್ತಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವುದು.

ಹೀಗಿರುವಾಗ ಒಂದು ದಿನ ಇದ್ದಕ್ಕಿದ್ದ ಹಾಗೆ, ಮೂರು ಮನೆಗೆ ಕೇಳಿಸುವಷ್ಟು ಜೋರಾಗಿ ಕೂಗಿದಳು: "ಅವ್ವ, ಗಾರಗಿ. ಬಿಸೀದು."

ಅವಳು ಕೇಳಿದ್ದು ಬಾಳೆಹಣ್ಣಿನ ಗಾರಿಗೆ. ನಮ್ಮ ಹಿತ್ತಲಿನಲ್ಲಿ ನಾಲ್ಕು ಬಾಳೆ ಇದ್ದವು. ಗೊನೆ ಹಣ್ಣಾಗಿ, ತಿಂದು ಮುಗಿಯದೆ ಸಿಪ್ಪೆ ಕಪ್ಪಾಗಲು ಹತ್ತಿದಾಗ ಅತ್ತೆ ಅವನ್ನು ಬೆಲ್ಲದೊಡನೆ ಕಿವುಚಿ, ಗೋಧಿ ಹಿಟ್ಟು ಕಲಸಿ, ಗಾರಿಗೆ ಕರಿಯುತ್ತಿದ್ದರು. ಬಾಣಲೆಯಿಂದ ತೆಗೆದದ್ದನ್ನು ಆರಲೂ ಬಿಡದೆ ಈ ಹುಡುಗಿ ಉಡಿಯಲ್ಲಿ ಹಾಕಿಕೊಂಡು ಓಡುತ್ತಿದ್ದಳು.

ಎಷ್ಟೋ ದಿನದ ಮೇಲೆ ಬಾಯಿಬಿಟ್ಟು ಊಟ ಕೇಳಿದ್ದಳು. ಕೇಳಿದ್ದೇ ವಿಷವಾಗುವಂಥದ್ದು. ನಾನು ಒಲೆಯ ಮುಂದಿದ್ದ ಅತ್ತೆಯ ಹತ್ತಿರ ಹೋದೆ. "ಕೊಟ್ರೂ ಸಾಯತಾಳ, ಕೊಡದಿದ್ರೂ ಸಾಯತಾಳ. ನಾ ಏನ ಮಾಡ್ಲಿರಿ ಅತ್ತಿ?" ಎಂದು ಕೇಳಿದೆ.

ಅತ್ತೆ ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದರು. ಆಮೇಲೆ, "ಮಾಡೋಣು" ಎಂದರು.

"ಡಾಕ್ಟರು ಹೇಳಿದ್ದು ಮರತ್ರ್ಯಾ?"

"ತಿನ್ನಾಕಲ್ಲ. ಅಕಿ ಮುಂದ ಕರಿಯೋಣು. ವಾಸನಿಗೆ ಬಾಯಾಗ ನೀರ ಬರತಾವು. ನೀರ ಬಂದ ಬಾಯಾಗ ಗಂಜಿ ಇಳಿದೀತು. ಮತ್ತೇನ ದಾರಿ ಐತಿ, ನೀನ ಹೇಳು."

ಆಗಲಿ ಎಂದೆ. ಆದರೆ ಗೋಧಿ ಎಲ್ಲಿಂದ ತರುವುದು? ಎಲ್ಲದಕ್ಕೂ ಸರಕಾರದ ಕಂಟ್ರೋಲು, ಕಾಳು ಅಳೆದು ಕೊಡುವರು. ಗೋಧಿಯ ಮುಖ ನೋಡಿ ತಿಂಗಳುಗಳೇ ಆಗಿದ್ದವು. ಅತ್ತೆ ಒಳಗೆ ಹೋಗಿ ಹಬ್ಬಕ್ಕೆಂದು, ಹುಳ ಹಿಡಿಯದ ಹಾಗೆ ಬೂದಿ ಬೆರೆಸಿ ಬಚ್ಚಿಟ್ಟಿದ್ದ ಗೋಧಿಯ ಗಡಿಗೆ ತಂದರು. ಕೇರಿ, ತೊಳೆದು, ಬಿಸಿಲಿಗೆ ಹಾಕಿ, ಮರುದಿನ ತಾವೇ ಬೀಸುಕಲ್ಲಿನ ಮುಂದೆ ಕುಳಿತರು. ನಾನು ಹಣ್ಣು ಕಿವುಚಿದೆ. ಬೆಲ್ಲ ಕರಗಿಸಿ ಸೋಸಿ, ಹಿಟ್ಟು, ಚಿಟಿಕೆ ಉಪ್ಪು, ಒಂದು ಏಲಕ್ಕಿ ಕುಟ್ಟಿ ಹಾಕಿ ಕಲಸಿ ಮುಚ್ಚಿಟ್ಟೆ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ಓಣಿಯ ಆ ಹುಡುಗನನ್ನು ಹೊತ್ತುಕೊಂಡು ಹೋದದ್ದನ್ನೇ ನೆನೆಯುತ್ತಿತ್ತು.

ಮಧ್ಯಾಹ್ನ ಮಗಳನ್ನು ಕೌದಿಯ ಸಮೇತ ಎತ್ತಿಕೊಂಡು ಬಂದು ಅಡುಗೆಮನೆಯ ಮೂಲೆಯಲ್ಲಿ ಮಲಗಿಸಿದೆವು. ಅಲ್ಲಿಯೂ ಅವಳು ಗೋಡೆಯ ಕಡೆಗೇ ತಿರುಗಿದಳು. ಎಣ್ಣೆ ಕಾದಿತು. ಅತ್ತೆ ಬಾಳೆಲೆಯ ಮೇಲೆ ಗಾರಿಗೆ ತಟ್ಟಿ, ನಾಜೂಕಾಗಿ ಎತ್ತಿ ಬಾಣಲೆಗೆ ಬಿಟ್ಟರು. ಅದು ಚುರ್ರೆಂದಿತು. ಆ ಸದ್ದಿಗೆ ಹೊಸಿಲ ಮೇಲೆ ಮಲಗಿದ್ದ ಬೆಕ್ಕು ಕಿವಿ ನಿಮಿರಿಸಿತು. ಮಗಳು ಅಲ್ಲಾಡಲಿಲ್ಲ.

"ಕೇಳಿದೇನವ್ವ? ನಿನ್ನ ಗಾರಗಿ" ಎಂದೆ. ತಿರುಗಲಿಲ್ಲ.

ಅತ್ತೆ ಗಾರಿಗೆ ತೆಗೆದಿಡಲು ಹಿತ್ತಾಳೆಯ ತಾಟಿಗೆ ಕೈ ಚಾಚಿದರು. ಎಣ್ಣೆಗೈಯಿಂದ ತಾಟು ಜಾರಿ, ಮಗಳ ತಲೆಯ ಹತ್ತಿರವೇ ಕಲ್ಲುಹಾಸಿನ ಮೇಲೆ ಬಿತ್ತು. ಬಿದ್ದು, ಸುತ್ತಿ ಸುತ್ತಿ ಬಡಿದುಕೊಂಡಿತು. ಬೆಕ್ಕು ಹೌಹಾರಿ ಓಡಿಹೋಯಿತು. ಮಗಳ ರೆಪ್ಪೆ ಕೂಡ ಮಿಟುಕಲಿಲ್ಲ.

ನಾನು ಅವಳನ್ನೇ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಕಾದ ಬೆಲ್ಲ, ಹಣ್ಣಿನ ವಾಸನೆ ಮೂಲೆಗೆ ಹೋಗಿ ಮುಟ್ಟಿರಬೇಕು. ಅವಳ ಮೂಗು ಅರಳಿತು. ಮೆಲ್ಲಗೆ ಇತ್ತ ತಿರುಗಿದಳು. ಬಾಣಲೆ ಕಂಡಳು. "ಗಾರಗಿ" ಎಂದು ಕೂಗಿದಳು, ಮತ್ತೆ ಅದೇ ಎತ್ತರದ ದನಿಯಲ್ಲಿ.

ನಾನು ಅವಳ ಬೆನ್ನ ಹಿಂದೆ ಹೋಗಿ ಕುಳಿತು ಚಪ್ಪಾಳೆ ತಟ್ಟಿದೆ. ಹೆಸರು ಹಿಡಿದು ಕರೆದೆ. ಬಲಗಿವಿಯ ಹತ್ತಿರ ಕರೆದೆ, ಎಡಗಿವಿಯ ಹತ್ತಿರ ಕರೆದೆ. ಅವಳು ಬಾಣಲೆಯನ್ನೇ ನೋಡುತ್ತಿದ್ದಳು.

"ಅತ್ತಿ, ಇಕಿಗೆ ಕೇಳಸೂದಿಲ್ರಿ" ಎಂದೆ. "ಇಷ್ಟು ದಿನಾ ನಾವು ಕರದದ್ದು ಇಕಿಗೆ ಕೇಳಿಸೇ ಇಲ್ಲ."

ಅತ್ತೆ ತೂತಿನ ಸೌಟು ಹಿಡಿದು ಹಾಗೇ ಕುಳಿತಿದ್ದರು. ಬಾಣಲೆಯಲ್ಲಿದ್ದ ಗಾರಿಗೆ ಕಪ್ಪಾಯಿತು. ಯಾರೂ ನನ್ನ ಕೂಡ ಮಾತಾಡವಲ್ರು ಎಂದು ಅವಳು ಅತ್ತದ್ದು ಜ್ವರದ ಬಡಬಡಿಕೆ ಆಗಿರಲಿಲ್ಲ. ಅವ್ವ, ಅಜ್ಜಿ, ಅಪ್ಪ ಎಲ್ಲರೂ ಸುಮ್ಮನೆ ಬಾಯಿ ಆಡಿಸುತ್ತಿದ್ದಾರೆ, ಯಾರೂ ದನಿ ಕೊಡುತ್ತಿಲ್ಲ ಎಂದು ನಾಲ್ಕು ವರ್ಷದ ಕೂಸು ತಿಳಿದಿತ್ತು. ತನ್ನ ಮೇಲೆ ಎಲ್ಲರಿಗೂ ಸಿಟ್ಟು ಎಂದುಕೊಂಡಿತ್ತೋ ಏನೋ.

ಅಳಲು ನನಗೆ ಪುರುಸೊತ್ತು ಇರಲಿಲ್ಲ. "ಮೊದಲ ಹೊಟ್ಟಿ ನೋಡು. ಕಿವಿ ಆಮ್ಯಾಲ" ಎಂದು ಅತ್ತೆ ಗದರಿಸಿದರು. ಇನ್ನೊಂದು ಗಾರಿಗೆ ಕರಿದು, ಕೈಗೆ ಬೆಚ್ಚಗೆ ಅನ್ನಿಸುವಷ್ಟು ಆರಿಸಿ, ಎಲೆಯ ಚೂರಿನಲ್ಲಿಟ್ಟು, ಮೂಸಲಿ ಎಂದು ಅವಳ ಕೈಗೆ ಕೊಟ್ಟರು. ಕೊಟ್ಟದ್ದೇ ತಡ, ಬಾಯಿಗೆ ಒಯ್ದಳು. ನಾನು ಹಾರಿ ಕೈ ಹಿಡಿದುಕೊಂಡೆ. ಅವಳು ಕಿರುಚಿದಳು. ಆ ಸಣಕಲು ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

ತಿನ್ನಬೇಡ ಎಂದು ಹೇಗೆ ಹೇಳಲಿ? ಯಾಕೆ ತಿನ್ನಬಾರದು ಎಂದು ಯಾವ ಬಾಯಿಂದ ಹೇಳಲಿ? ಕೈಯಲ್ಲಿ ಕೊಟ್ಟು ಕಸಿದುಕೊಳ್ಳುವ ತಾಯಿಯನ್ನು ಆ ಮಗು ಏನೆಂದು ತಿಳಿಯಬೇಕು? ಹೊಟ್ಟೆ ಮುಟ್ಟಿ ತೋರಿಸಿದೆ, ನೋವಾದವರ ಹಾಗೆ ಮುಖ ಕಿವುಚಿದೆ. ಅವಳಿಗೆ ತಿಳಿಯಲಿಲ್ಲ. ಅತ್ತು ಅತ್ತು ಉಸಿರು ಸಿಕ್ಕಿಕೊಂಡಿತು. ತುಟಿ ನೀಲಿಯಾದವು. ಇಲ್ಲಿಗೆ ಮುಗಿಯಿತು ಎಂದೇ ಅಂದುಕೊಂಡೆ.

ಆಗ ಅತ್ತೆ ನನ್ನ ಎದುರಿಗೆ ಬಂದು ಕುಳಿತರು. ಒಂದು ಗಾರಿಗೆಯನ್ನು ಮೂಗಿಗೆ ಹಿಡಿದು ದೀರ್ಘವಾಗಿ ಮೂಸಿದರು. ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. ಆಮೇಲೆ ಬಟ್ಟಲಿನಿಂದ ಒಂದು ಗುಟುಕು ಗಂಜಿ ಕುಡಿದರು. ಗಾರಿಗೆಯನ್ನು ನನ್ನ ಮೂಗಿಗೆ ಹಿಡಿದರು. ನಾನೂ ಮೂಸಿದೆ, ಕುಡಿದೆ. ನಾವಿಬ್ಬರೂ ಹುಚ್ಚರ ಹಾಗೆ ಮೂಸುವುದು, ಕುಡಿಯುವುದು ಮಾಡಿದೆವು. ಮಗಳು ಬಿಕ್ಕುತ್ತ ನೋಡಿದಳು. ಅತ್ತೆ ಗಾರಿಗೆಯನ್ನು ಅವಳ ಮೂಗಿನ ಹತ್ತಿರ ಒಯ್ದರು. ಮೂಸಿದಳು. ಬಾಯಿ ತಾನೇ ತೆರೆಯಿತು. ನಾನು ಒಂದು ಚಮಚ ಗಂಜಿ ಹಾಕಿದೆ. ಗಂಟಲು ಅಲುಗಿದ್ದು ಕಂಡಿತು.

ಅರ್ಧ ಬಟ್ಟಲು ಒಳಗೆ ಹೋಯಿತು. ಗಾರಿಗೆಯನ್ನು ಮುಷ್ಟಿಯಲ್ಲಿ ಹಿಡಿದೇ ನಿದ್ದೆ ಹೋದಳು. ಬೆರಳು ಒಂದೊಂದೇ ಬಿಡಿಸಿ ಅದನ್ನು ತೆಗೆದುಕೊಂಡೆ.

ಆಮೇಲೆ ದಿನಾಲೂ ಹಾಗೇ. ಹಿಡಿ ಹಿಟ್ಟಿನಲ್ಲಿ ಎರಡೇ ಎರಡು ಗಾರಿಗೆ ಕರಿಯುವುದು, ವಾಸನೆ ತೋರಿಸುವುದು, ಗಂಜಿ ಕುಡಿಸುವುದು. ಕರಿದದ್ದನ್ನು ಅವಳ ಕಣ್ಣಿಗೆ ಬೀಳದ ಹಾಗೆ ಹಿತ್ತಲಿನಲ್ಲಿ ನಿಂತು ನಾವೇ ತಿನ್ನಬೇಕಿತ್ತು. ಅಂಥ ಕಾಲದಲ್ಲಿ ಚೆಲ್ಲುವ ಹಾಗಿರಲಿಲ್ಲ. ಇಬ್ಬರೂ ನೀರು ಕುಡಿದು ನುಂಗುತ್ತಿದ್ದೆವು.

ಶನಿವಾರ ಯಜಮಾನರು ಬಂದರು. ನಾನು ಹೇಳಿದೆ. ಅವರು ನಂಬಲಿಲ್ಲ. ಅವಳ ಹಿಂದೆ ನಿಂತು ಹೆಸರು ಕರೆದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಮೈಯೆಲ್ಲ ನಡುಗುವ ಹಾಗೆ. ನೆರೆಯವರು ಏನಾಯಿತೆಂದು ಬಾಗಿಲಿಗೆ ಬಂದರು. ಅತ್ತೆ ಹೋಗಿ ಮಗನ ಬಾಯಿಯ ಮೇಲೆ ಕೈ ಇಟ್ಟರು. "ಸಾಕಪ್ಪ" ಎಂದರು.

ಹಾನಗಲ್ಲಿನ ಡಾಕ್ಟರು ಕೆಲವರಿಗೆ ಕಿವಿ ತಿರುಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಕಾಯಬೇಕು ಎಂದರು. ಕಾಯ್ದೆವು. ಅವಳು ನಡೆಯುವ ಹಾಗಾದಳು, ಮೆತ್ತಗಿನ ಅನ್ನ ಉಂಡಳು. ಒಂದು ದಿನ ಡಾಕ್ಟರೇ ಇನ್ನು ಕರಿದದ್ದು ಕೊಡಬಹುದೆಂದರು. ಆ ದಿನ ಅವಳು ಗಾರಿಗೆಯನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತ ಕುಳಿತಳು. ತಿನ್ನು ಎಂದು ನಾನು ತೋರಿಸುವ ತನಕ ಬಾಯಿಗೆ ಒಯ್ಯಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು ಆಗ.

ಕಿವಿ ಮಾತ್ರ ಬರಲಿಲ್ಲ. ಸವಣೂರಿನಲ್ಲಿ ಒಬ್ಬ ಹಕೀಮರು ಇದ್ದಾರೆ, ಎಣ್ಣೆ ಹಾಕಿ ಕಿವಿ ತೆರೆಸುತ್ತಾರೆ ಎಂದು ಯಾರೋ ಹೇಳಿದರು. ನಾನು, ಅತ್ತೆ ಅವಳನ್ನು ಕರೆದುಕೊಂಡು ಹೊರಟೆವು. ಪೆಟ್ರೋಲು ಸಿಗದ ಕಾಲ. ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಲಿಯ ಗ್ಯಾಸಿನಿಂದ ಓಡುವ ಬಸ್ಸು, ಏರು ಬಂದಲ್ಲಿ ಎಲ್ಲರೂ ಇಳಿದು ನಡೆಯಬೇಕು. ಹಕೀಮರು ಕಿವಿಯಲ್ಲಿ ದೀಪ ಹಿಡಿದು ನೋಡಿದರು. ಎಣ್ಣೆ ಕೇಳಲು ಹೋದ ನಮಗೆ, "ಇಲ್ಲ ತಾಯಿ, ಸುಳ್ಳು ಹೇಳಿ ನಿಮ್ಮನ್ನ ತಿರುಗಾಡಸೂದಿಲ್ಲ. ಇದು ನನ್ನ ಕೈಲಾಗೂದಲ್ಲ" ಎಂದರು. ಮಗಳ ಕೈಯಲ್ಲಿ ನಾಲ್ಕು ಉತ್ತತ್ತಿ ಇಟ್ಟು ಕಳಿಸಿದರು.

ಬರುವಾಗ ಬಂಕಾಪುರದ ಹತ್ತಿರ ಬಸ್ಸು ನಿಂತಿತು. ಕೋಟೆಯ ಗೋಡೆಯ ಮೇಲೆ ಒಂದು ನವಿಲು ಕುತ್ತಿಗೆ ಚಾಚಿ ಕೂಗುತ್ತಿತ್ತು. ಮಗಳು ಬೆರಳು ತೋರಿಸಿ, "ಅದೂ ಸುಮ್ನ ಬಾಯಿ ತಗೀತೈತಿ" ಎಂದಳು. ಬಸ್ಸಿನಿಂದ ಇಳಿದವರೆಲ್ಲ ಅವಳ ಎತ್ತರದ ದನಿಗೆ ತಿರುಗಿ ನೋಡಿದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಷ್ಟು ದಿನ ನನ್ನೆದುರು ಅವರು ಅತ್ತಿರಲಿಲ್ಲ.

ಅವಳು ಬದುಕಿದಳು. ಕೇಳದ ಮಾತು ನಾಲಿಗೆಯ ಮೇಲೆ ಉಳಿಯುವುದಿಲ್ಲ ಎಂಬುದು ನಮಗೆ ತಡವಾಗಿ ತಿಳಿಯಿತು. ಒಂದೊಂದೇ ಮಾತು ಅವಳಿಂದ ಉದುರಿಹೋಗುತ್ತಿತ್ತು. ಮೊದಲು ಹಾಡುಗಳು ಹೋದವು, ಆಮೇಲೆ ಓಣಿಯವರ ಹೆಸರುಗಳು. ನಾನು ಅವಳ ಕೈಯನ್ನು ನನ್ನ ಗಂಟಲಿಗೆ ಒತ್ತಿ ಹಿಡಿದು ಒಂದೊಂದು ಮಾತನ್ನೂ ಮತ್ತೆ ಮತ್ತೆ ಹೇಳುತ್ತಿದ್ದೆ. ಅವಳು ತನ್ನ ಗಂಟಲು ಮುಟ್ಟಿಕೊಂಡು ಹೇಳಲು ನೋಡುವಳು. ಯಜಮಾನರು ರವಿವಾರಗಳಲ್ಲಿ ಪಾಟಿ ಹಿಡಿದು ಅಕ್ಷರ ತಿದ್ದಿಸಿದರು. ಅದಕ್ಕೆ ವರುಷಗಳೇ ಹಿಡಿದವು. ಇಷ್ಟೆಲ್ಲ ಮಾಡಿಯೂ ನಾವು ಉಳಿಸಿಕೊಂಡದ್ದು ಕೆಲವೇ ಮಾತುಗಳು: ಅವ್ವ, ನೀರು, ಬಾ, ಬ್ಯಾಡ. ಇವುಗಳ ಜೊತೆಗೆ ಎಮ್ಮೆಯನ್ನು ಹೊಡೆದುಕೊಂಡು ಬರುವಾಗ ಹಾಕುವ ಕೂಗೊಂದು ಉಳಿಯಿತು. ಅದನ್ನು ಕೇಳಿದರೆ ಕಿವುಡಿ ಎಂದು ಯಾರೂ ಹೇಳುತ್ತಿರಲಿಲ್ಲ, ಎಮ್ಮೆಯಂತೂ ನಿಂತಲ್ಲಿಂದಲೇ ಮನೆಯ ಕಡೆ ತಿರುಗುತ್ತಿತ್ತು.