ಪಕ್ಕದ ಸೀಟು

ನಮ್ಮ ಭಾವ ಕಾರಿನ ಸೀಟಿಗೆ ಕವರ್ ಹೊಲಿಯುವವರು. ಕಾರೆಂದರೆ ಪ್ರಾಣ. ಹಳೇ ಕವರ್ ಬಿಚ್ಚಿದರೆ ಸಾಕು, ಆ ಮನೆಯವರ ಜಾತಕವನ್ನೇ ಹೇಳಿಬಿಡುತ್ತಾರೆ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದೇ ಪುರಾಣ. "ಇವತ್ತು ಬಂದ ಕಾರಿಗೆ ಎಂಟು ವರ್ಷ ಕಣೋ. ಓಡ್ಸೋನ ಸೀಟು ಸವೆದು ಹರಿದುಹೋಗಿದೆ, ಪಕ್ಕದ್ದು ಹೊಚ್ಚ ಹೊಸದು! ಪಾಪ, ಅವನ ಜೊತೆ ಯಾರೂ ಬರೋದೇ ಇಲ್ಲ ಅನ್ಸುತ್ತೆ," ಎಂದರು ನನಗೆ.

ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದುಕೊಂಡೇ, "ನಮ್ ಕಾರಿಂದೂ ಒಂದ್ಸಲ ನೋಡ್ಬಿಡಿ," ಎಂದಳು.

ಭಾವ ನಗುತ್ತಲೇ ಕೈ ತೊಳೆದು ಹೊರಗೆ ಹೋದರು. ವಾರವಾರ ತಾವೇ ಒರೆಸಿ ಹೊಳೆಯಿಸುವ ಕಾರಿನ ಬಾಗಿಲು ತೆಗೆದರು. ಹನ್ನೆರಡು ವರ್ಷದ ಹಿಂದೆ ಅಕ್ಕನಿಗೆಂದೇ ಹೊಲಿದ ಪಕ್ಕದ ಸೀಟಿನ ಕವರಿನಲ್ಲಿ ಒಂದೆಳೆ ದಾರವೂ ಸಡಿಲವಾಗಿರಲಿಲ್ಲ.

ಒಳಗೆ ಬಂದವರು ಜಾತಕ ಹೇಳಲಿಲ್ಲ.

"ಚಪ್ಪಲಿ ಹಾಕ್ಕೋ, ಹೋಗೋಣ," ಎಂದರು ಅಕ್ಕನಿಗೆ.