ರೋಬೋಟಿಗೆ ಕೇಳಿದ ಪ್ರಸಾದ

ಗಿರಿಜಕ್ಕ, ಮಂಜಣ್ಣ, ಸುಧಾ, ಎಲ್ಲರೂ ಆರೋಗ್ಯವೇ? ಜಡೆ ಊರಲ್ಲಿರುವ ನನ್ನ ತಮ್ಮ ನಾಗಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂಬುದು ನಿಮಗೆ ಗೊತ್ತು. ಆಪರೇಷನ್ನಿಗೆ ಎರಡು ಆಸ್ಪತ್ರೆ ನೋಡಿದ್ದೆವು. ಒಂದರಲ್ಲಿ ಆಪರೇಷನ್ ಮಾಡುವ ಹಳೆಯ ರೋಬೋಟ್, ಕೈಗಳೆಲ್ಲ ಒಂದೇ ಕಂಬಕ್ಕೆ. ಇನ್ನೊಂದರಲ್ಲಿ ಹೊಸದು, ಒಂದೊಂದು ಕೈಗೂ ಬೇರೆ ಗಾಡಿ. ಮಳೆಗಾಲವಿಡೀ ನಮ್ಮ ಭಾವ ಮೊಬೈಲಿನಲ್ಲಿ ಎರಡನ್ನೂ ಹೋಲಿಸಿದರು. "ಗದ್ದೆ ಹೂಡೋ ಟಿಲ್ಲರ್ ತಗಳಕ್ಕೇ ನಾಕು ಕಡೆ ನೋಡ್ತೀವಿ. ಇದು ಮೈಯೊಳಗೆ ಹೋಗೋದು ಮಾರಾಯ" ಎನ್ನುತ್ತಿದ್ದರು.

ಇವತ್ತು ಕೊನೆಗೆ ದೇವರಲ್ಲಿ ಪ್ರಸಾದ ಕೇಳಿದೆವು. ದೇವರ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಹಳೆಯದು, ಎಡಕ್ಕಾದರೆ ಹೊಸದು. ಬಲಕ್ಕೆ ಬಿತ್ತು. ಡಾಕ್ಟರಿಗೆ ಫೋನ್ ಮಾಡಿದರೆ, "ಮೊನ್ನೆಯ ಸ್ಕ್ಯಾನ್ ನೋಡಿದೆ ರೀ. ಮೂಳೆಗೆ ಹೋಗಿದೆ. ಇನ್ನು ಆಪರೇಷನ್ ಬೇಡ, ಔಷಧಿಯಲ್ಲೇ ನೋಡೋಣ" ಎಂದರು.

ಭಾವ ತಲೆ ಎತ್ತಲಿಲ್ಲ. ನಾಗಪ್ಪನೇ ಅವರಿಗೆ ಸಮಾಧಾನ ಹೇಳಿದ: "ದೇವರದ್ದೇನೂ ತಪ್ಪಿಲ್ಲ ಭಾವ, ನಾವು ಕೇಳಿದ್ದು ತಡ ಆಯ್ತು."

ಅವನಿಗೆ ಬೇಗ ಒಂದೆರಡು ಸಾಲು ಬರೆಯಿರಿ. ರೋಬೋಟಿನ ವಿಡಿಯೋ ಮಾತ್ರ ಕಳಿಸಬೇಡಿ.